ಚರ್ಮದ ಆಸನಗಳ ಆಯಸ್ಸು: ಒಂದು ಐತಿಹಾಸಿಕ ನೋಟ

ನಮ್ಮ ಮಾಮೂ ಅವರದು ವಾಹನಗಳ ಸೀಟು ಹೊಲಿಯುವ ಒಂದು ಸಣ್ಣ ಕುಷನ್ ಅಂಗಡಿ. ರಜೆಯ ದಿನಗಳಲ್ಲಿ ನಾನು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂರುವುದುಂಟು. ಒಮ್ಮೆ ಸಾಹುಕಾರರೊಬ್ಬರು ತಮ್ಮ ಹಳೆಯ ವಿದೇಶಿ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಕಾರಿನ ಆಸನಗಳೆಲ್ಲ ನಿಜವಾದ ಚರ್ಮದವು. "ನೋಡಿ ಭಾಯ್, ನನ್ನ ಡ್ರೈವರ್ ಸೀಟನ್ನೆಲ್ಲ ಹಾಳು ಮಾಡಿಟ್ಟಿದ್ದಾನೆ. ಖರ್ಚು ಎಷ್ಟಾಗುತ್ತದೆ ಹೇಳಿ, ಅವನ ಸಂಬಳದಲ್ಲೇ ಹಿಡಿಯುತ್ತೇನೆ" ಎಂದರು. ಡ್ರೈವರ್ ತಲೆ ತಗ್ಗಿಸಿ ಪಕ್ಕದಲ್ಲಿ ನಿಂತಿದ್ದ.

ಮಾಮೂ ಕಾರಿನೊಳಗೆ ತಲೆಯಿಟ್ಟು ಎಲ್ಲವನ್ನೂ ಕೈಯಿಂದ ಸವರಿ ನೋಡಿದರು. ಡ್ರೈವರ್ ಸೀಟಿನ ಹೊರ ಅಂಚಿನಲ್ಲಿ ಬಣ್ಣ ಹೋಗಿತ್ತು, ಅಷ್ಟೇ. ಆದರೆ ಹಿಂದಿನ ಗಾಜಿನ ಕೆಳಗೆ, ಹಿಂಬದಿಯ ಸೀಟಿನ ನೆತ್ತಿಯ ಮೇಲೆ ಚರ್ಮವು ಬತ್ತಿದ ಕೆರೆಯಂತೆ ಬಿರುಕು ಬಿಟ್ಟಿತ್ತು. "ಇಲ್ಲಿ ಯಾರು ಕೂರುತ್ತಾರೆ ಸಾಹೇಬರೇ?" ಎಂದು ಮಾಮೂ ಕೇಳಿದರು. "ಕೂತ ಜಾಗ ಸವೆಯುತ್ತದೆ, ಕೂರದ ಜಾಗ ಸೀಳುತ್ತದೆ. ಸವೆದದ್ದು ಮನುಷ್ಯನಿಂದ, ಸೀಳಿದ್ದು ಬಿಸಿಲಿನಿಂದ. ಇವನ ಮೇಲೆ ಯಾಕೆ ಹಾಕುತ್ತೀರಿ?" ಸಾಹುಕಾರರು ಉತ್ತರ ಹೇಳಲಿಲ್ಲ. ಸಂಬಳ ಹಿಡಿಯುವ ಮಾತನ್ನೂ ಮತ್ತೆ ಎತ್ತಲಿಲ್ಲ.

ಮಾಮೂ ಶಾಲೆಯಲ್ಲಿ ಓದಿದ್ದು ಕಡಿಮೆ. ಆದರೆ ಅಂದು ಅವರು ಕೇಳಿದ ಪ್ರಶ್ನೆಗೆ ಒಂದು ದೊಡ್ಡ ಇತಿಹಾಸವೇ ಇದೆ ಎಂಬುದು ನನಗೆ ಮುಂದೆ ಓದುತ್ತಾ ಹೋದಂತೆ ತಿಳಿಯಿತು. ಚರ್ಮ ಹಾಳಾದರೆ ತಪ್ಪು ಯಾರದು? ಬಳಸಿದವನದೋ, ಅದನ್ನು ಇಟ್ಟ ಜಾಗದ್ದೋ, ಅಥವಾ ಅದನ್ನು ತಯಾರಿಸಿದವನದೋ? ಈ ಲೇಖನದಲ್ಲಿ ಆ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವ ಸಣ್ಣ ಪ್ರಯತ್ನ ಮಾಡಿದ್ದೇನೆ.

ತೊಗಲು ಚರ್ಮವಾಗುವ ಬಗೆ

ಪ್ರಾಣಿಯ ಹಸಿ ತೊಗಲು ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಗಟ್ಟಿಯಾಗುತ್ತದೆ. ಅದನ್ನು ಕೊಳೆಯದಂತೆ, ಮೃದುವಾಗಿ ಉಳಿಯುವಂತೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹದ ಮಾಡುವುದು ಎನ್ನುತ್ತೇವೆ. ಉರ್ದುವಿನಲ್ಲಿ ದಬಾಗತ್ ಎನ್ನುತ್ತಾರೆ. ಹಸಿ ಬಾಳೆಕಾಯಿಯನ್ನೋ ಅಳಲೆಕಾಯಿಯನ್ನೋ ಕಚ್ಚಿದಾಗ ಬಾಯಿ ಒಗರಾಗುತ್ತದೆಯಲ್ಲವೇ? ಆ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ವಸ್ತು ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅದೇ ರೀತಿ ಅದು ತೊಗಲಿನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳನ್ನು ಹಿಡಿದು ಕಟ್ಟುತ್ತದೆ. ಹಸಿ ತೊಗಲನ್ನು ನೀರಿನಲ್ಲಿಟ್ಟು ಕಾಯಿಸಿದರೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮುದುಡಿಕೊಳ್ಳುತ್ತದೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಸುಮಾರು 75ರಿಂದ 85 ಡಿಗ್ರಿಯವರೆಗೆ ತಡೆಯುತ್ತದೆ. ಹಳತಾಗಿ ಹಾಳಾದ ಚರ್ಮದಲ್ಲಿ ಈ ತಡೆಯುವ ಶಕ್ತಿ ಮತ್ತೆ ಇಳಿದುಹೋಗುತ್ತದೆ. ಎಂದರೆ ಚರ್ಮದ ಮುಪ್ಪು ಎಂಬುದು ಕೇವಲ ಹೊರಗೆ ಕಾಣುವ ಸುಕ್ಕಲ್ಲ. ಒಳಗಿನ ಕಟ್ಟು ಸಡಿಲವಾಗುವುದೇ ಅದರ ಮುಪ್ಪು.

ಯೂರೋಪಿನ ಹಳೆಯ ಹದಗಾರರು ದಪ್ಪ ತೊಗಲನ್ನು ಓಕ್ ಮರದ ತೊಗಟೆಯೊಂದಿಗೆ ಗುಂಡಿಗಳಲ್ಲಿ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನೆನೆಹಾಕುತ್ತಿದ್ದರು. 15 ಮತ್ತು 16ನೇ ಶತಮಾನಗಳಲ್ಲಿ ಹೀಗೆ ನಿಧಾನವಾಗಿ ತಯಾರಾದ ಚರ್ಮದ ಹೊದಿಕೆಯ ಪುಸ್ತಕಗಳು ಇಂದಿಗೂ ಗ್ರಂಥಾಲಯಗಳಲ್ಲಿ ಗಟ್ಟಿಯಾಗಿ ಉಳಿದಿವೆ.

ಫ್ಯಾರಡೆ ಕಂಡ ಕುರ್ಚಿಗಳು

19ನೇ ಶತಮಾನದ ಲಂಡನ್ನಿನಲ್ಲಿ ಒಂದು ವಿಚಿತ್ರ ಸಂಗತಿ ಕಾಣಿಸಿಕೊಂಡಿತು. 1824ರಲ್ಲಿ ಸ್ಥಾಪನೆಯಾದ ಅಥೀನಿಯಂ ಕ್ಲಬ್ ಎಂಬುದು ವಿದ್ವಾಂಸರು, ವಿಜ್ಞಾನಿಗಳು, ಸಾಹಿತಿಗಳು ಸೇರುವ ಸ್ಥಳ. ಅಲ್ಲಿನ ಚರ್ಮದ ಕುರ್ಚಿಗಳು ಕೆಲವೇ ವರ್ಷಗಳಲ್ಲಿ ಶಿಥಿಲವಾಗತೊಡಗಿದವು. ಪುಸ್ತಕಗಳ ಚರ್ಮದ ಹೊದಿಕೆಗಳಿಗೂ ಅದೇ ಗತಿ. ಕೂರುವವರು ಸಭ್ಯರು, ಕುರ್ಚಿಗಳು ಬೆಲೆಬಾಳುವವು, ಆದರೂ ಏಕೆ ಹೀಗೆ?

ಇದಕ್ಕೆ ಕಾರಣ ತೋರಿಸಿದವರು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ಅವರ ಹೆಸರನ್ನು ನೀವೆಲ್ಲ ಓದಿದ್ದೀರಿ. ಕಮ್ಮಾರನ ಮಗನಾಗಿ 1791ರಲ್ಲಿ ಹುಟ್ಟಿದ ಫ್ಯಾರಡೆ ಶಾಲೆಯಲ್ಲಿ ಕಲಿತದ್ದು ಬಹಳ ಸ್ವಲ್ಪ. 14ನೇ ವಯಸ್ಸಿನಲ್ಲಿ ಅವರು ಪುಸ್ತಕ ಕಟ್ಟುವವನ ಬಳಿ ಕೆಲಸ ಕಲಿಯಲು ಸೇರಿ ಏಳು ವರ್ಷ ದುಡಿದರು. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಾ ವಿಜ್ಞಾನಿಯಾದರು. ಚರ್ಮವೆಂದರೆ ಏನೆಂದು ಅವರ ಕೈಗೆ ಬಾಲ್ಯದಿಂದಲೇ ಗೊತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

1843ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ದೀಪಗಳ ಹೊಗೆಯನ್ನು ಹೊರಗೆ ಸಾಗಿಸುವ ಕುರಿತು ಅವರು ಒಂದು ಉಪನ್ಯಾಸ ನೀಡಿದರು. ಕ್ಲಬ್ಬಿನ ಕುರ್ಚಿಗಳ ಚರ್ಮ ಹಾಳಾಗಲು ಉರಿಯುವ ಗ್ಯಾಸ್ ದೀಪಗಳೇ ಕಾರಣ ಎಂಬುದು ಅವರ ಅಭಿಪ್ರಾಯವಾಗಿತ್ತು. ಕಲ್ಲಿದ್ದಲಿನಿಂದ ತೆಗೆದ ಆ ಗ್ಯಾಸಿನಲ್ಲಿ ಗಂಧಕದ ಅಂಶವಿರುತ್ತಿತ್ತು. ಅದು ಉರಿದಾಗ ಬರುವ ಅನಿಲವನ್ನು ಚರ್ಮ ಹೀರಿಕೊಳ್ಳುತ್ತದೆ. ಚರ್ಮದೊಳಗೆ ಅದು ಕ್ರಮೇಣ ಗಂಧಕಾಮ್ಲವಾಗಿ ಮಾರ್ಪಡುತ್ತದೆ. ಆ ಆಮ್ಲವು ಕೊಲಾಜೆನ್ ನಾರುಗಳನ್ನು ಒಳಗಿನಿಂದಲೇ ಕತ್ತರಿಸುತ್ತದೆ. ಬಿಸಿಗಾಳಿ ಮೇಲಕ್ಕೆ ಏರುವುದರಿಂದ ಗ್ಯಾಸ್ ದೀಪವಿದ್ದ ಗ್ರಂಥಾಲಯಗಳಲ್ಲಿ ಕೈಗೆಟುಕದ ಮೇಲಿನ ಕಪಾಟುಗಳ ಪುಸ್ತಕಗಳೇ ಹೆಚ್ಚು ಹಾಳಾದವು. ಕೂರದ ಜಾಗ ಸೀಳಿದಂತೆ, ಮುಟ್ಟದ ಪುಸ್ತಕ ಪುಡಿಯಾಯಿತು.

ಕೆಂಪು ಪುಡಿಯ ವಿಚಾರಣೆ

ಆದರೆ ತಪ್ಪೆಲ್ಲವೂ ದೀಪದ್ದೇ ಆಗಿರಲಿಲ್ಲ. ಶತಮಾನ ಮುಂದುವರಿದಂತೆ ಗ್ಯಾಸ್ ದೀಪವಿಲ್ಲದ ಕಡೆಯಲ್ಲೂ ಹೊಸ ಪುಸ್ತಕಗಳ ಚರ್ಮ ಕೆಂಪು ಪುಡಿಯಾಗಿ ಉದುರುವುದು ಕಂಡುಬಂತು. ಮುಟ್ಟಿದರೆ ಕೈಗೆ ಇಟ್ಟಿಗೆಪುಡಿ ಮೆತ್ತಿದಂತಾಗುತ್ತಿತ್ತು. 300 ವರ್ಷದ ಪುಸ್ತಕ ಗಟ್ಟಿಯಾಗಿರುವಾಗ 30 ವರ್ಷದ ಪುಸ್ತಕ ಬೆನ್ನು ಮುರಿದು ಬೀಳುತ್ತಿತ್ತು. 1900ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಇದರ ವಿಚಾರಣೆಗೆ ಒಂದು ಸಮಿತಿಯನ್ನು ನೇಮಿಸಿತು. ಲಾರ್ಡ್ ಕಾಬಮ್ ಅಧ್ಯಕ್ಷರಾಗಿದ್ದರು. ಚರ್ಮ ರಸಾಯನ ಶಾಸ್ತ್ರಜ್ಞರಾದ ಪ್ರಾಕ್ಟರ್, ಗಾರ್ಡನ್ ಪಾರ್ಕರ್, ಪುಸ್ತಕ ಕಟ್ಟುವ ಕಲೆಯಲ್ಲಿ ಹೆಸರಾದ ಡಗ್ಲಸ್ ಕಾಕರೆಲ್ ಮುಂತಾದವರು ಸದಸ್ಯರಾಗಿದ್ದರು. 1901ರಲ್ಲಿ ವರದಿ ಹೊರಬಂತು.

ವರದಿಯ ಸಾರಾಂಶ ಹೀಗಿತ್ತು. ಸುಮಾರು 1830ರಿಂದ ಈಚೆಗೆ ಚರ್ಮದ ಗುಣಮಟ್ಟ ಇಳಿಯುತ್ತಾ ಬಂದಿದೆ. ಬೆಳಕು, ಶಾಖ, ಗ್ಯಾಸಿನ ಹೊಗೆ ಚರ್ಮಕ್ಕೆ ಶತ್ರುಗಳು ನಿಜ. ಆದರೆ ತಯಾರಿಕೆಯಲ್ಲಿನ ಅವಸರವೂ ಅಷ್ಟೇ ದೊಡ್ಡ ಶತ್ರು. ಬಣ್ಣ ಹೊಳೆಯಲೆಂದು ಬಣ್ಣದ ತೊಟ್ಟಿಗೆ ಗಂಧಕಾಮ್ಲ ಸುರಿಯುವುದು, ದಪ್ಪ ಚರ್ಮವನ್ನು ತೀರ ತೆಳ್ಳಗೆ ಹೆರೆಯುವುದು, ಕಡಿಮೆ ಬೆಲೆಯ ಚರ್ಮವನ್ನು ಅಚ್ಚೊತ್ತಿ ಬೆಲೆಬಾಳುವ ಚರ್ಮದಂತೆ ತೋರಿಸುವುದು ಇವೆಲ್ಲ ರೂಢಿಯಾಗಿದ್ದವು. ಅಂಗಡಿಯಲ್ಲಿ ಅಂದವಾಗಿ ಕಾಣುತ್ತಿದ್ದ ಆ ಚರ್ಮದ ಒಳಗೆ ಸಾವು ಮೊದಲ ದಿನವೇ ಸೇರಿಕೊಂಡಿತ್ತು. ಅದು ಹೊರಗೆ ಕಾಣಲು ಮೂವತ್ತು ನಲವತ್ತು ವರ್ಷ ಬೇಕಾಯಿತು, ಅಷ್ಟೇ.

ಹದ ಮಾಡುವ ವಸ್ತುವಿನ ಬಗ್ಗೆಯೂ ಸಮಿತಿ ಮಹತ್ವದ ತೀರ್ಮಾನಕ್ಕೆ ಬಂತು. ಪುಸ್ತಕದ ಚರ್ಮಕ್ಕೆ ಸುಮಾಕ್ ಎಂಬ ಗಿಡದ ಎಲೆಯೇ ಅತ್ಯುತ್ತಮ ಎಂದು ಅದು ಹೇಳಿತು. ಸುಮಾಕ್ ಎಂಬ ಹೆಸರು ಅರಬ್ಬಿಯ ಸುಮ್ಮಾಕ್ ಶಬ್ದದಿಂದ ಬಂದದ್ದು. ಉತ್ತಮ ಆಡಿನ ಚರ್ಮಕ್ಕೆ ಇಂಗ್ಲಿಷಿನಲ್ಲಿ ಮೊರಾಕೊ ಎಂಬ ಹೆಸರು ನಿಂತಿರುವುದೂ ಗಮನಾರ್ಹ. ಯಾವ ನಾಡಿನ ಹದಗಾರರಿಂದ ಯೂರೋಪು ಈ ಕಲೆಯನ್ನು ಕಲಿಯಿತು ಎಂಬುದಕ್ಕೆ ಈ ಎರಡು ಶಬ್ದಗಳೇ ಸಾಕ್ಷಿ.

ನಮ್ಮ ತಂಗಡಿ ಗಿಡದ ಪಾಲು

ಇನ್ನೊಂದು ಕಡೆ, ಅತಿ ಬೇಗ ಹಾಳಾಗುವ ಚರ್ಮಗಳ ಪಟ್ಟಿಯಲ್ಲಿ ನಮ್ಮ ಕಡೆಯ ಚರ್ಮವೂ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಾರುಕಟ್ಟೆಯಲ್ಲಿ 'ಪರ್ಷಿಯನ್' ಎಂದು ಕರೆಯುತ್ತಿದ್ದ ಕುರಿ ಮತ್ತು ಆಡಿನ ಚರ್ಮ ವಾಸ್ತವವಾಗಿ ಪರ್ಷಿಯಾದ್ದಲ್ಲ. ಅದು ಮದ್ರಾಸ್ ಪ್ರಾಂತ್ಯದಿಂದ ಹೋಗುತ್ತಿತ್ತು. ಅದನ್ನು ಹದ ಮಾಡುತ್ತಿದ್ದುದು ತಂಗಡಿ ಗಿಡದ ತೊಗಟೆಯಿಂದ. ಆವರಿಕೆ ಎಂದೂ ಕರೆಯುವ, ಹಳದಿ ಹೂ ಬಿಡುವ ಈ ಗಿಡ ನಮ್ಮ ಬಯಲುಸೀಮೆಯ ರಸ್ತೆ ಬದಿಗಳಲ್ಲಿ ಎಲ್ಲರೂ ಕಂಡಿರುವಂಥದ್ದು. ಹಳದಿ ಬಣ್ಣ ತೆಳುವಾಗಿ ನಿಲ್ಲಲೆಂದು ಕೊನೆಯಲ್ಲಿ ಅಳಲೆಕಾಯಿಯ ನೀರನ್ನೂ ಕೊಡುತ್ತಿದ್ದರು. ತಂಗಡಿಯ ಟ್ಯಾನಿನ್ ಗಂಧಕದ ಅನಿಲವನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುವ ಜಾತಿಯದು. ಲಂಡನ್ನಿನ ಹೊಗೆಗಾಳಿಯಲ್ಲಿ ಅದು ಬೇಗ ಕೆಂಪೇರಿ ಪುಡಿಯಾಗುತ್ತಿತ್ತು.

ಹಾಗೆಂದು ಅದು ಕಳಪೆ ಚರ್ಮವೇ? ಅಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಬೂಟುಗಳ ಮೇಲ್ಭಾಗಕ್ಕೆ ಇದೇ ಮದ್ರಾಸ್ ಕಡೆಯ ಹದ ಮಾಡಿದ ಚರ್ಮವನ್ನು ಸರ್ಕಾರವೇ ಕೊಂಡು ಬಳಸಿತು. ಬೂಟು ಬಾಳಬೇಕಾದದ್ದು ಒಂದೆರಡು ವರ್ಷ, ಪುಸ್ತಕ ಬಾಳಬೇಕಾದದ್ದು ಇನ್ನೂರು ವರ್ಷ. ಯಾವ ಚರ್ಮ ಯಾವ ಕೆಲಸಕ್ಕೆ ಎಂದು ವಿಚಾರಿಸದೆ ಅಗ್ಗವೆಂದು ಕೊಂಡವನ ತಪ್ಪನ್ನು ಹದ ಮಾಡಿದ ಬಡ ಕೈಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಈ ವ್ಯಾಪಾರದಿಂದ ಬಂದ ಹಣ ನಮ್ಮ ಸಮುದಾಯದ ವಿದ್ಯಾಭ್ಯಾಸಕ್ಕೂ ಹರಿದುಬಂದಿದೆ. ವಾಣಿಯಂಬಾಡಿಯ ಇಸ್ಲಾಮಿಯಾ ಕಾಲೇಜು 1919ರಲ್ಲಿ ಆರಂಭವಾದಾಗ ಆ ಊರು ಚರ್ಮದ ವ್ಯಾಪಾರಕ್ಕೆ ಹೆಸರಾಗಿತ್ತು. ಚರ್ಮದ ದೊಡ್ಡ ವ್ಯಾಪಾರಿಯಾಗಿದ್ದ ಜಮಾಲ್ ಮೊಹಮ್ಮದ್ ಸಾಹೇಬರ ಹೆಸರಿನ ಕಾಲೇಜು 1951ರಲ್ಲಿ ತಿರುಚಿರಾಪಳ್ಳಿಯಲ್ಲಿ ಪ್ರಾರಂಭವಾಯಿತು. ಇದು ಅಭಿಮಾನದ ವಿಷಯ. ಜೊತೆಗೆ ಇನ್ನೊಂದು ಮುಖವನ್ನೂ ಹೇಳಬೇಕು. ಚರ್ಮ ಹದ ಮಾಡಿದ ಕೊಳಕು ನೀರು ದಶಕಗಳ ಕಾಲ ಪಾಲಾರ್ ನದಿ ಬಯಲಿನ ಹೊಲ, ಬಾವಿಗಳನ್ನು ಕೆಡಿಸಿತು. 1996ರಲ್ಲಿ ಸುಪ್ರೀಂ ಕೋರ್ಟು ವೆಲ್ಲೂರು ನಾಗರಿಕರ ಮೊಕದ್ದಮೆಯಲ್ಲಿ, ಮಾಲಿನ್ಯ ಮಾಡಿದವರೇ ಅದರ ನಷ್ಟ ಭರಿಸಬೇಕೆಂದು ತೀರ್ಪು ನೀಡಿತು. ಅಲ್ಲಿಯೂ ಹಾನಿ ಕಣ್ಣಿಗೆ ಕಂಡದ್ದು ಬಹಳ ತಡವಾಗಿ.

ಕ್ರೋಮ್ ಬಂದ ಮೇಲೆ

ಈ ನಡುವೆ ಚರ್ಮದ ಲೋಕದಲ್ಲಿ ಒಂದು ಕ್ರಾಂತಿಯಾಯಿತು. ಕ್ರೋಮಿಯಂ ಲವಣಗಳಿಂದಲೂ ತೊಗಲನ್ನು ಹದ ಮಾಡಬಹುದೆಂದು ಜರ್ಮನಿಯ ಕ್ನಾಪ್ 1858ರಲ್ಲಿ ತಿಳಿಸಿದ್ದರು. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಜ್, 1893ರಲ್ಲಿ ಮಾರ್ಟಿನ್ ಡೆನಿಸ್ ಇದಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಕಾರ್ಖಾನೆಗಳಿಗೆ ಇಳಿಯಿತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳಲ್ಲಿ ಮುಗಿಯತೊಡಗಿತು. ಕ್ರೋಮ್ ಚರ್ಮ ಸುಮಾರು 100 ಡಿಗ್ರಿ ಶಾಖವನ್ನೂ ತಡೆಯುತ್ತದೆ. ನೀರಿಗೂ ಗಂಧಕದ ಗಾಳಿಗೂ ಸುಲಭವಾಗಿ ಬಗ್ಗುವುದಿಲ್ಲ.

ದಕ್ಷಿಣ ಭಾರತಕ್ಕೆ ಇದನ್ನು ತಂದವರಲ್ಲಿ ಮುಖ್ಯರು ಆಲ್ಫ್ರೆಡ್ ಚಾಟರ್ಟನ್. ಕಪಿಲೆ ಬಾವಿಗಳಲ್ಲಿ ನೀರೆತ್ತುವ ತೊಗಲಿನ ಚೀಲ ಸದಾ ನೆನೆದು ಬೇಗ ಹಾಳಾಗುತ್ತಿದ್ದುದನ್ನು ಕಂಡು ಅವರು 20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಸರ್ಕಾರದ ಆಶ್ರಯದಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದರು. ಸರ್ಕಾರ ಉದ್ಯಮ ನಡೆಸುವುದು ಸಲ್ಲದೆಂದು ಲಂಡನ್ನಿನಿಂದ ಆಕ್ಷೇಪ ಬಂದು 1910ರಲ್ಲಿ ಆ ಕಾರ್ಖಾನೆಯನ್ನು ಮಾರಲಾಯಿತು. ಮುಂದೆ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರಿನ ಗಂಧದೆಣ್ಣೆ ಕೈಗಾರಿಕೆಯಲ್ಲಿ ಅವರ ಪಾತ್ರವೂ ಇದೆ.

ಕುದುರೆ ಗಾಡಿಯಿಂದ ಕಾರಿಗೆ

ಕಾರಿನ ಆಸನ ಕುದುರೆ ಸಾರೋಟಿನ ಸಂತಾನ. ಸಾರೋಟಿನಲ್ಲಿ ಮಳೆಬಿಸಿಲಿಗೆ ಮೈಯೊಡ್ಡುವ ಗಾಡಿ ಹೊಡೆಯುವವನ ಆಸನಕ್ಕೆ ಚರ್ಮ ಹೊದಿಸುತ್ತಿದ್ದರು. ಒಳಗೆ ಕೂರುವ ಯಜಮಾನರಿಗೆ ಮೆತ್ತನೆಯ ಬಟ್ಟೆ. ಆರಂಭದ ದೊಡ್ಡ ಕಾರುಗಳಲ್ಲಿಯೂ ಹೀಗೆಯೇ. ಡ್ರೈವರನಿಗೆ ಚರ್ಮ, ಒಡೆಯನಿಗೆ ಉಣ್ಣೆಬಟ್ಟೆ. ಇಂದು ಶ್ರೀಮಂತಿಕೆಯ ಗುರುತಾಗಿರುವ ಚರ್ಮದ ಸೀಟು ಒಂದು ಕಾಲದಲ್ಲಿ ಆಳಿನ ಸೀಟಾಗಿತ್ತು ಎಂಬುದು ಸ್ವಾರಸ್ಯಕರ. ಲಂಡನ್ನಿನಲ್ಲಿ 1878ರಲ್ಲಿ ಕಾನಲಿ ಸೋದರರು ಆರಂಭಿಸಿದ ಸಂಸ್ಥೆ ಮುಂದೆ ರೋಲ್ಸ್ ರಾಯ್ಸ್‌ನಂತಹ ಕಾರುಗಳಿಗೆ ಚರ್ಮ ಒದಗಿಸಿ ಜಗತ್ಪ್ರಸಿದ್ಧವಾಯಿತು. ಆ ಹಳೆಯ ಕಾರ್ಖಾನೆ 2002ರಲ್ಲಿ ಮುಚ್ಚಿತು.

ಕಾರುಗಳು ಲಕ್ಷಗಟ್ಟಲೆ ತಯಾರಾಗತೊಡಗಿದಾಗ ಅಷ್ಟು ಚರ್ಮ ಸಿಗುವುದು ಹೇಗೆ? ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲೇಪಿಸಿದ ಕೃತಕ ಚರ್ಮ ಬಂತು. ಅಮೆರಿಕದ ಡ್ಯೂಪಾಂಟ್ ಕಂಪನಿ 1910ರಲ್ಲಿ ಫ್ಯಾಬ್ರಿಕಾಯ್ಡ್ ಎಂಬ ಕೃತಕ ಚರ್ಮದ ಸಂಸ್ಥೆಯನ್ನು ಕೊಂಡುಕೊಂಡಿತು. ಬ್ರಿಟನ್ನಿನಲ್ಲಿ ಅದೇ ಬಗೆಯ ವಸ್ತುವಿಗೆ ರೆಕ್ಸಿನ್ ಎಂಬ ಹೆಸರಿಟ್ಟರು. ಆ ಕಂಪನಿಯ ಹೆಸರು ನಮ್ಮಲ್ಲಿ ವಸ್ತುವಿನ ಹೆಸರೇ ಆಗಿಹೋಗಿದೆ. ಈ ಲೇಪ ಬಗ್ಗುವಂತೆ ಮಾಡಲು ಹರಳೆಣ್ಣೆ ಬೆರೆಸುತ್ತಿದ್ದರು. ವರ್ಷಗಳು ಕಳೆದಂತೆ ಎಣ್ಣೆ ಹೊರಬಂದು ಲೇಪ ಒಣಗಿ ಬಿರಿಯುತ್ತಿತ್ತು. ನಿಜವಾದ ಚರ್ಮದ ಮೇಲೂ ಇದೇ ಲೇಪವನ್ನು ಬಣ್ಣವಾಗಿ ಬಳಿಯುತ್ತಿದ್ದುದರಿಂದ ಆ ಕಾಲದ ಕಾರುಗಳ ಸೀಟಿನ ಮೇಲೆ ಜೇಡರ ಬಲೆಯಂತಹ ಸಣ್ಣ ಬಿರುಕುಗಳು ಕಾಣುತ್ತವೆ. ಅದು ಚರ್ಮದ ಬಿರುಕಲ್ಲ, ಬಣ್ಣದ ಬಿರುಕು.

ಇಂದಿನ ಕಾರಿನ ಸೀಟು ಬಹುಮಟ್ಟಿಗೆ ಕ್ರೋಮ್ ಅಥವಾ ಬೇರೆ ರಾಸಾಯನಿಕಗಳಿಂದ ಹದವಾದ, ಮೇಲೆ ಪಾಲಿಯುರೆಥೇನ್ ಪದರವಿರುವ ಚರ್ಮ. ಅದು ಮುಪ್ಪಾಗುವ ರೀತಿಯೂ ಬೇರೆ. ಹತ್ತಿ ಇಳಿಯುವಾಗ ಡ್ರೈವರ್ ಸೀಟಿನ ಹೊರ ಅಂಚಿಗೆ ದಿನವೂ ಬಟ್ಟೆ ಉಜ್ಜುತ್ತದೆ. ನಮ್ಮ ರಸ್ತೆಗಳ ಧೂಳು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಬೆವರು ಮತ್ತು ತಲೆಗೆ ಹಚ್ಚಿದ ಎಣ್ಣೆ ಮೇಲಿನ ಪದರವನ್ನು ಮೆತ್ತಗಾಗಿಸುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನ ಆಸನ 50 ಡಿಗ್ರಿಗೂ ಮೀರಿ ಕಾಯಬಹುದು. ಒಳಗಿನ ತೇವ ಆರಿ ಚರ್ಮ ಕುಗ್ಗುತ್ತದೆ, ಹೊಲಿಗೆಯನ್ನು ಎಳೆಯುತ್ತದೆ. ಸವೆಯುವುದಕ್ಕೂ ಸೀಳುವುದಕ್ಕೂ ಕಾರಣ ಬೇರೆ ಬೇರೆ ಎಂಬ ಮಾಮೂ ಮಾತು ಇಲ್ಲಿ ಸತ್ಯವಾಗುತ್ತದೆ.

ಮದ್ದು ಯಾವಾಗ ಹಚ್ಚಬೇಕು?

ಬೇರೆ ಬೇರೆ ಗಾಳಿಯ ಪರಿಣಾಮವನ್ನು ನೋಡಲು 1932ರಲ್ಲಿ ಬ್ರಿಟನ್ನಿನಲ್ಲಿ ಒಂದು ದೀರ್ಘ ಪ್ರಯೋಗ ಆರಂಭವಾಯಿತು. ಒಂದೇ ಬಗೆಯ ಚರ್ಮದಿಂದ ಕಟ್ಟಿದ ಪುಸ್ತಕಗಳಲ್ಲಿ ಕೆಲವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ, ಕೆಲವನ್ನು ಶುದ್ಧ ಗಾಳಿಯ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿಯೂ ಇಟ್ಟರು. ಹೊಗೆಯ ಲಂಡನ್ನಿನಲ್ಲಿದ್ದವು ಬೇಗ ಕೆಟ್ಟವು. ಆದರೆ ಒಳ್ಳೆಯ ಹದದ ಚರ್ಮ ಅದೇ ಗಾಳಿಯಲ್ಲೂ ತಡೆದುಕೊಂಡಿತು. ಇನ್ನೊಂದು ಪಾಠವೆಂದರೆ, ಒಮ್ಮೆ ಕೆಂಪು ಪುಡಿಯಾಗತೊಡಗಿದ ಚರ್ಮಕ್ಕೆ ಎಣ್ಣೆ, ಮೇಣ ಹಚ್ಚಿದರೆ ಜೀವ ಮರಳುವುದಿಲ್ಲ. ಬಹುಕಾಲ ಗ್ರಂಥಾಲಯಗಳು ಹಾಗೆ ಹಚ್ಚುತ್ತಿದ್ದವು. ಚರ್ಮ ಕಪ್ಪಾಗಿ ಅಂಟಂಟಾಯಿತೇ ಹೊರತು ಗಟ್ಟಿಯಾಗಲಿಲ್ಲವಾದ್ದರಿಂದ ಈಗ ಆ ಪದ್ಧತಿ ಬಿಟ್ಟಿವೆ. ಕಾರಿನ ಸೀಟಿಗೂ ಅಷ್ಟೇ. ಧೂಳು ಒರೆಸುವುದು, ನೆರಳಿನಲ್ಲಿ ನಿಲ್ಲಿಸುವುದು ಮೊದಲಿನಿಂದ ಮಾಡಿದರೆ ಫಲವುಂಟು. ಸೀಳಿದ ಮೇಲೆ ಡಬ್ಬಿಗಟ್ಟಲೆ ಪಾಲಿಶ್ ತಂದು ಪ್ರಯೋಜನವಿಲ್ಲ.

ಇದನ್ನೆಲ್ಲ ಓದುವಾಗ ಒಬ್ಬ ಶಿಕ್ಷಕನಾಗಿ ನನಗೆ ನನ್ನ ತರಗತಿಯೇ ನೆನಪಾಗುತ್ತದೆ. ಹತ್ತನೇ ತರಗತಿಯ ಹುಡುಗನೊಬ್ಬ ಒಂದು ಪುಟ ಓದಲು ತಡವರಿಸುತ್ತಿದ್ದ. ಎಲ್ಲರ ಮುಂದೆ ನಾನು ಅವನನ್ನು ಸೋಮಾರಿ ಎಂದು ಬೈದೆ. ಅವನ ಹಳೆಯ ದಾಖಲೆ ನೋಡಿದಾಗ ತಿಳಿಯಿತು: ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಮನೆಯವರು ಕೂಲಿಗಾಗಿ ಊರೂರು ಸುತ್ತುತ್ತಿದ್ದರು, ಅವನು ಶಾಲೆಯಲ್ಲಿ ಇದ್ದ ದಿನಗಳೇ ಕಡಿಮೆ. ಆದರೂ ಪ್ರತಿ ವರ್ಷ ಮುಂದಿನ ತರಗತಿಗೆ ದಾಟಿಸುತ್ತಾ ಬಂದಿದ್ದೆವು. ಹದವಾಗಬೇಕಾದ ಕಾಲದಲ್ಲಿ ಹದವಾಗಲಿಲ್ಲ. ಬಿರುಕು ಕಂಡದ್ದು ಹತ್ತನೇ ತರಗತಿಯಲ್ಲಿ. ಸಂಬಳ ಕಳೆದುಕೊಳ್ಳಲಿದ್ದ ಆ ಡ್ರೈವರನಂತೆ ಅವನೂ ತಲೆ ತಗ್ಗಿಸಿ ನಿಂತಿದ್ದ. ವ್ಯತ್ಯಾಸವೆಂದರೆ, ಅಂದು ಅವನ ಪರವಾಗಿ ಕೇಳಲು ಅಲ್ಲಿ ಮಾಮೂ ಇರಲಿಲ್ಲ.

ಮರುದಿನ ನಾನು ಅವನ ಬಳಿ ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿದಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಮೂರನೇ ತರಗತಿಯ ಪುಸ್ತಕ ಹಿಡಿದು ಇಬ್ಬರೂ ಕೂತೆವು. ಅದೃಷ್ಟವಶಾತ್ ಮಕ್ಕಳು ಚರ್ಮದಂತಲ್ಲ. ತಡವಾದರೂ ಅವರನ್ನು ಮತ್ತೆ ಹದಗೊಳಿಸಬಹುದು. ನಮ್ಮ ಸಂಘದ ಸದಸ್ಯರು ಹತ್ತನೇ ತರಗತಿಯ ಬಹುಮಾನಗಳಿಗೆ ಕೊಡುವಷ್ಟೇ ಗಮನವನ್ನು ಮೂರನೇ ತರಗತಿಯ ಮಕ್ಕಳ ಹಾಜರಿಗೂ ಕೊಡಲಿ. ವಿದ್ಯಾರ್ಥಿಗಳಿಗೆ ನನ್ನದೊಂದೇ ಮಾತು: ಏನಾದರೂ ಹಾಳಾದುದನ್ನು ಕಂಡಾಗ ಅದರ ಪಕ್ಕದಲ್ಲಿ ನಿಂತವನನ್ನು ದೂರುವ ಮೊದಲು ಅದು ಎಲ್ಲಿ, ಯಾವಾಗ, ಯಾರ ಅವಸರದಿಂದ ಕೆಡತೊಡಗಿತು ಎಂದು ಒಮ್ಮೆ ಹಿಂದಕ್ಕೆ ಹೋಗಿ ನೋಡಿ. ಇತಿಹಾಸ ಓದುವುದು ಅದಕ್ಕಾಗಿಯೇ.